ಭಾಗಿಯ ಪಕ್ಕ ನಿಂತವರು

ಕೆಲಸಕ್ಕೆ ಹೋಗೋ ತಾಯಂದಿರಿಗೆ ಮಧ್ಯಾಹ್ನ ಆದ್ರೆ ಸಾಕು, ಎದೆಯಲ್ಲಿ ಡವಡವ. ಮಗುನ ಸ್ಕೂಲಿಂದ ಯಾರು ಕರ್ಕೊಂಡು ಬರ್ತಾರೆ? ಶೆಟ್ಟಿಹಳ್ಳಿಯ ಸಂಹಿತಾಗೂ ಇದೇ ಚಿಂತೆ. ಅತ್ತೆ ಗೋದಮ್ಮನಿಗೆ ಮಂಡಿನೋವು. ಹಾಗಾಗಿ ಪುಟ್ಟ ಮಹತಿಯನ್ನು ಕರೆತರೋಕೆ ಭಾಗಿ ಅನ್ನೋ ಹುಡುಗಿಯನ್ನು ಕೆಲಸಕ್ಕೆ ಇಟ್ಕೊಂಡ್ರು.

ಭಾಗಿ ಯಲ್ಲಾಪುರದ ಕಡೆಯವಳು, ಸಿದ್ದಿ ಜನಾಂಗ. ನೂರಾರು ವರ್ಷಗಳ ಹಿಂದೆ ಅವಳ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರನ್ನಾಗಿ ತಂದಿದ್ದರು. ಕಪ್ಪು ಬಣ್ಣ, ಗುಂಗುರು ಕೂದಲು. ಮಾತು ಮಾತ್ರ ನಮ್ಮ ನಿಮ್ಮ ಹಾಗೇ ಕನ್ನಡ.

"ನೋಡಿದ ಜನ ಏನಂತಾರೋ!" ಗೋದಮ್ಮ ಮೊದಲ ದಿನವೇ ಗೊಣಗಿದ್ದರು.

ಆ ವಾರ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಒಂದು ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಎಲ್ಲಿಯದು, ಯಾವಾಗಿನದು, ಯಾರಿಗೂ ಗೊತ್ತಿಲ್ಲ. ಗೋದಮ್ಮನೂ ನೋಡಿ, ಬಡಾವಣೆಯ ಗ್ರೂಪಿಗೆ ಕಳಿಸಿದರು.

ಮರುದಿನ ಸ್ಕೂಲಿಂದ ಬರುವಾಗ ಮಹತಿ ಐಸ್‌ಕ್ರೀಮಿಗೆ ಹಟ ಹಿಡಿದು ರಸ್ತೆಯಲ್ಲೇ ಕೂತು ಅತ್ತಳು. ಭಾಗಿ ಎತ್ತಿಕೊಂಡು ಹೊರಟಳು. ಅಷ್ಟೇ ಆಗಿದ್ದು.

"ಏಯ್, ಯಾರ ಮಗು ಅದು?" ಒಬ್ಬ ಬೈಕ್ ನಿಲ್ಲಿಸಿದ.

"ನಾ ಕೆಲಸ ಮಾಡೋ ಮನೇದು. ಬೇಕಾದ್ರೆ ಫೋನ್ ಮಾಡಿ ಕೇಳಿ."

"ಕನ್ನಡ ಕಲ್ತ್ಕೊಂಡೇ ಬಂದಿದಾಳೆ ಗುರು!"

ಅವನು ಮಗುವನ್ನು ಕಿತ್ತುಕೊಂಡ. ಇನ್ನೊಬ್ಬ ಭಾಗಿಯ ಕೂದಲು ಹಿಡಿದು ಎಳೆದು ತಲೆಗೆ ಹೊಡೆದ. ಮಗು ಕಿರುಚಿತು. ಜನ ಸೇರ್ತಾನೇ ಇದ್ದರು, ಮೊಬೈಲ್ ಎತ್ತಿ ಹಿಡಿದುಕೊಂಡು.

ಮೂಲೆಯಲ್ಲಿ ಜೋಳದ ರೊಟ್ಟಿ ಮಾರೋ ಈರವ್ವ ಒಲೆ ಬಿಟ್ಟು ಓಡಿ ಬಂದರು. ಬಾಗಲಕೋಟೆ ಕಡೆಯವರು. ಗುಂಪಿನೊಳಗೆ ನುಗ್ಗಿ ಭಾಗಿಯ ಪಕ್ಕ ನಿಂತು ಅವಳ ತೋಳು ಹಿಡಿದರು.

"ಕೈ ಬಿಡ್ರೀ ಆಕೀದು! ಸಂಶಯ ಇದ್ರ ಪೊಲೀಸರನ್ನ ಕರೀರಿ. ಹೊಡ್ಯಾಕ ನೀವ್ಯಾರು?"

"ನಿಮಗೆ ಗೊತ್ತಾ ಇವಳು?"

"ಗೊತ್ತಿಲ್ಲ. ಗೊತ್ತಿದ್ದವ್ರನ್ನಷ್ಟ ಬಿಡಿಸ್ಕೋಬೇಕೇನು?"

ಟೈಲರ್ ಅಂಗಡಿಯ ನಿಂಗವ್ವ 112ಕ್ಕೆ ಫೋನ್ ಮಾಡಿ, ಅವರೂ ಬಂದು ನಿಂತರು. ಹೂವಿನವಳು ಬಂದಳು. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಬಂದರು. ಪೊಲೀಸರು ಬರೋವರೆಗೂ ಯಾರೂ ಕದಲಲಿಲ್ಲ. ಪೊಲೀಸರು ಸಂಹಿತಾಗೆ ಫೋನ್ ಮಾಡಿ ಕೇಳಿ, ಮಗುವನ್ನು ಮರಳಿ ಭಾಗಿಯ ಕೈಗೆ ಕೊಡಿಸಿದರು.

ಸಂಜೆ ಗೋದಮ್ಮನ ಮನೆಯಲ್ಲಿ ಸಂಹಿತಾ ಭಾಗಿಯ ತಲೆಯ ಗಾಯ ಒರೆಸಿದಳು. ಕೂದಲಿಗೆ ರಕ್ತ ಅಂಟಿ ಒಣಗಿತ್ತು.

"ನಡೀರಿ, ಕಂಪ್ಲೇಂಟ್ ಕೊಡೂಣು" ಅಂದರು ಜೊತೆಗೇ ಮನೆಗೆ ಬಂದಿದ್ದ ಈರವ್ವ.

"ಸ್ಟೇಷನ್ ಸಹವಾಸ ಯಾಕೆ ಕಣ್ರೀ? ಇನ್ಮೇಲೆ ಇವಳು ಮನೆಯೊಳಗೇ ಕೆಲಸ ಮಾಡ್ಕೊಂಡಿರ್ಲಿ" ಅಂದರು ಗೋದಮ್ಮ.

ಭಾಗಿ ತಲೆ ಎತ್ತಿದಳು. "ಹೊಡೆದವರು ಬೀದಿಯಲ್ಲಿ ಓಡಾಡ್ಬಹುದು. ನಾ ಒಳಗೆ ಕೂತಿರಬೇಕಾ ಅಮ್ಮಾ?"



"ಯಾಕ್ ಹೊಡೆದ್ರಿ ಅಂತ ಪೊಲೀಸರು ಕೇಳಿದ್ರೆ, ಗ್ರೂಪಲ್ಲಿ ವಿಡಿಯೋ ಬಂದಿತ್ತು ಸಾರ್ ಅಂತಾರೆ" ಅಂದಳು ಸಂಹಿತಾ, ಅತ್ತೆಯ ಮುಖ ನೋಡದೆ.

ಗೋದಮ್ಮ ಕೂತಲ್ಲಿ ಕೂರಲಾರದೆ ಒಳಗೂ ಹೊರಗೂ ಓಡಾಡಿದರು. ಆಮೇಲೆ ಚಪ್ಪಲಿ ಮೆಟ್ಟಿದರು. "ನಡಿ ಭಾಗಿ. ಆ ವಿಡಿಯೋ ಕಳಿಸಿದವರಲ್ಲಿ ನಾನೂ ಒಬ್ಬಳು. ಅದನ್ನೂ ಬರೆಸ್ತೀನಿ."

ಮುಂದಿನ ಭಾನುವಾರ ಆ ಹೆಂಗಸರೆಲ್ಲ ಗೋದಮ್ಮನ ಜಗಲಿಯಲ್ಲೇ ಸೇರಿದರು. ನಮ್ಮ 'ಪಕ್ಕದವರು' ಮಹಿಳಾ ಸಂಘ ಹುಟ್ಟಿದ್ದು ಹೀಗೆ.

ಜಾಲಹಳ್ಳಿಯಲ್ಲಿ ಮಣಿಪುರದ ಪಾರ್ಲರ್ ಹುಡುಗಿಯನ್ನು ಮುಖ ನೋಡಿ ರೂಮಿಂದ ಹೊರಗೆ ಹಾಕಿದಾಗ, ಓನರ್ ಹತ್ತಿರ ಮಾತಾಡೋಕೆ ಹೋಗಿದ್ದು ಈ ಸಂಘ. ಯಲಹಂಕದಲ್ಲಿ ಓದೋ ಆಫ್ರಿಕಾದ ಹುಡುಗಿಯರನ್ನು ಪುಂಡರು ದಿನಾ ಛೇಡಿಸುತ್ತಿದ್ದಾಗ, ಅವರ ಜೊತೆ ಬಸ್‌ಸ್ಟಾಪಿಗೆ ನಡೆದದ್ದೂ ಇದೇ ಸಂಘ. ಗಂಡನ ಹೊಡೆತ ತಾಳದೆ ಬಂದವಳಿಗೂ ಇಲ್ಲಿ ಜಾಗ ಇದೆ. ಸಂಘದ ಕಾರ್ಯದರ್ಶಿ ಈಗ ಭಾಗಿ.

ಆದ್ರೂ ಕೇಸ್ ಇನ್ನೂ ಮುಗಿದಿಲ್ಲ. ಹಿಂದೆ ಬೈಕ್ ನಿಂತ ಸದ್ದಾದ್ರೆ ಭಾಗಿ ಈಗಲೂ ಬೆಚ್ಚಿ ತಿರುಗಿ ನೋಡ್ತಾಳೆ. ಅಂಥ ವಿಡಿಯೋಗಳೂ ಹೊಸದಾಗಿ ಬರ್ತಾನೇ ಇವೆ.

ಇದನ್ನು ಓದ್ತಿರೋ ಅಕ್ಕ, ಅಣ್ಣ, ನಿಮಗೊಂದು ಮಾತು. ನಿಜವೋ ಸುಳ್ಳೋ ಗೊತ್ತಿಲ್ಲದ ವಿಡಿಯೋ ಯಾರಿಗೂ ಕಳಿಸಬೇಡಿ. ಬಣ್ಣ, ಮುಖ, ಭಾಷೆ ನೋಡಿ ಯಾರನ್ನೂ ಕಳ್ಳರು ಅನ್ನಬೇಡಿ. ಜನ ಯಾರನ್ನಾದ್ರೂ ಸುತ್ತುವರಿದರೆ ಮೊದಲು 112ಕ್ಕೆ ಫೋನ್ ಮಾಡಿ. ನಾಲ್ಕು ಜನರನ್ನು ಕೂಗಿ ಕರೆದು, ಅವರ ಪಕ್ಕ ಹೋಗಿ ನಿಲ್ಲಿ. ಇವತ್ತು ಸಂಜೆ ನಿಮ್ಮ ಬೀದಿಯಲ್ಲೇ ಯಾರಿಗಾದ್ರೂ ನೀವು ಬೇಕಾಗಬಹುದು.