ಅದಲುಬದಲಾದ ಮನೆ

ಹೊಸ ಮನೆಗೆ ಬಂದ ದಿನ ಅತ್ತೆ ಮೆಟ್ಟಿಲು ನೋಡಿದವರೇ ಕೈಚೆಲ್ಲಿ ಕೂತರು. "ನನ್ನ ಮೊಣಕಾಲು ಇದನ್ನ ಹತ್ತಲ್ಲ. ನಾನು ಇಲ್ಲೇ ಪೆಟ್ಟಿಗೆ ಮೇಲೆ ಸಂಸಾರ ಮಾಡ್ತೀನಿ," ಎಂದರು.

ಸೈನ್ಯದ ಮನೆಗಳೇ ಹಾಗೆ, ಯಾರ ಮೊಣಕಾಲನ್ನೂ ಕೇಳಿ ಹಂಚುವುದಿಲ್ಲ. ಸೊಸೆಯ ಪಾಲಿಗೆ ಮಹಡಿಯ ಮನೆ ಬಂದಿತ್ತು. ಅವಳ ಗಂಡ ವೈರ್‌ಲೆಸ್‌ನವನು. ಸಾಮಾನು ಇಳಿಯುವ ಮೊದಲೇ ಗಡಿಗೆ ಹೊರಟುಹೋಗಿದ್ದ. ವರ್ಗವಾಗುವುದು ಗಂಡನಿಗೆ, ಪೆಟ್ಟಿಗೆಗಳ ಜೊತೆ ಗುದ್ದಾಡುವುದು ಹೆಂಡತಿಯ ಹಣೆಬರಹ. ಕೆಳಗಿನ ಮನೆ ಸಿಕ್ಕಿದ್ದು ಅದೇ ತುಕಡಿಯ ಲಾರಿ ಡ್ರೈವರನ ಹೆಂಡತಿಗೆ. ಅವಳೂ ಅಂದೇ ಬಂದಿಳಿದಿದ್ದಳು. ಹೊಸದಾಗಿ ಮದುವೆಯಾದ, ಬಾಯಿತುಂಬ ನಗುವ ಹುಡುಗಿ.

"ಅಕ್ಕಾ, ನಾನು ಮೇಲೆ ಹೋಗ್ತೀನಿ ಬಿಡಿ. ನನಗೆ ಗಾಳಿ ಬೆಳಕು ಸಿಗುತ್ತೆ, ನಿಮ್ಮತ್ತೆಗೆ ಮೆಟ್ಟಿಲು ತಪ್ಪುತ್ತೆ," ಅಂದಳು. ಕಚೇರಿಗೆ ಆಮೇಲೆ ಹೇಳಿದರಾಯಿತು ಎಂದು ಇಬ್ಬರೂ ಬೀಗದ ಕೈ ಬದಲಾಯಿಸಿಕೊಂಡರು. ಆ ಆಮೇಲೆ ಬರಲೇ ಇಲ್ಲ. ಒಲೆ ಹೊಂದಿಸಬೇಕು, ಪರದೆ ಕಟ್ಟಬೇಕು, ಸೋರುವ ನಲ್ಲಿಯ ಬಾಯಿ ಮುಚ್ಚಿಸಬೇಕು. ಯಾರಿಗಿತ್ತು ಪುರುಸೊತ್ತು?

ಆ ವಾರವೇ ಒಂದು ಬೆಳಿಗ್ಗೆ, ಸೊಸೆ ಕೆಳಗಿನ ಮನೆಯಲ್ಲಿ ಪಾತ್ರೆಗೆ ಸುತ್ತಿದ್ದ ಹಳೇ ಪೇಪರ್ ಬಿಚ್ಚುತ್ತಿದ್ದಾಗ ಯಾರೋ ಬಾಗಿಲು ಬಡಿದರು. ತೆರೆದರೆ ಇಬ್ಬರು ಅಧಿಕಾರಿಗಳು. ಗರಿಗರಿ ಸಮವಸ್ತ್ರ, ಟೋಪಿ ಕಂಕುಳಲ್ಲಿ. ಸೈನಿಕರ ಹೆಂಡಂದಿರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

"ಕೂತ್ಕೊಳ್ಳಮ್ಮ," ಎಂದರು ಹಿರಿಯರು. "ನಿಮ್ಮ ಯಜಮಾನರು ಇನ್ನಿಲ್ಲ."

ಒಳಗಿದ್ದ ಅತ್ತೆಗೆ ಹೇಗೆ ಹೇಳಲಿ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಅಧಿಕಾರಿಗಳು ಇನ್ನೂ ಏನೋ ಹೇಳುತ್ತಿದ್ದರು. ಮಂಜು ಕವಿದಿತ್ತಂತೆ, ತಿರುವಿನಲ್ಲಿ ಲಾರಿ ಓಡಿಸುತ್ತಿದ್ದಾಗ ಕೆಳಗುರುಳಿದರಂತೆ.

"ಲಾರಿನಾ?" ಎಂದಳು ಅವಳು. "ನಮ್ಮವರಿಗೆ ಸೈಕಲ್ ಹೊಡೆಯೋಕೂ ಬರಲ್ಲ."

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು. ಕಿರಿಯವನು ಬಾಗಿಲ ಮೇಲಿನ ನಂಬರನ್ನು ಮತ್ತೊಮ್ಮೆ ಓದಿದ. ಆಗ ಅವಳಿಗೆ ಹೊಳೆಯಿತು. ಹೋದ ಜೀವ ಮರಳಿ ಬಂದಂತಾಯಿತು. ತಡೆಯಲಾಗದೆ ನಗುವೇ ಬಂದುಬಿಟ್ಟಿತು, ಅದೂ ಆ ಇಬ್ಬರ ಎದುರಿಗೆ. ಅಷ್ಟರಲ್ಲಿ ಮಹಡಿಯಿಂದ ಮಂಚ ಎಳೆಯುವ ಸದ್ದು ಕೇಳಿಸಿತು. ತಾನು ನಕ್ಕದ್ದು ಯಾರ ಸಾವಿಗೆ ಎಂದು ಅರಿವಾಗಿ ನಾಚಿಕೆಯಿಂದ ಹಿಡಿಯಷ್ಟಾದಳು.

"ಅವಳು ಮೇಲಿದಾಳೆ, ನಾವೇ ಮನೆ ಬದಲಾಯಿಸ್ಕೊಂಡ್ವಿ," ಎಂದಳು. "ನಾನೂ ಬರ್ತೀನಿ. ಆ ಹುಡುಗಿಗೆ ಇಲ್ಲಿ ನನ್ನ ಬಿಟ್ಟರೆ ಯಾರೂ ಗೊತ್ತಿಲ್ಲ."

ಅವರಿಗಿಂತ ಮುಂದಾಗಿ ಮೆಟ್ಟಿಲು ಹತ್ತಿದಳು. ಹತ್ತುತ್ತಾ ಹತ್ತುತ್ತಾ ಅಳು ಒತ್ತರಿಸಿಕೊಂಡು ಬಂತು. ಬಾಗಿಲು ತಟ್ಟುವ ಹೊತ್ತಿಗೆ ಕೆನ್ನೆಯೆಲ್ಲ ಒದ್ದೆ.

ಬಾಗಿಲು ತೆರೆದ ಹುಡುಗಿ ಮೊದಲು ಅವಳ ಮುಖ ನೋಡಿದಳು, ಆಮೇಲೆ ಹಿಂದಿದ್ದ ಸಮವಸ್ತ್ರಗಳನ್ನು. ಕೈಯಲ್ಲಿದ್ದ ಪೊರಕೆಯನ್ನು ಅಲ್ಲೇ ಬಿಟ್ಟು, ಮುಂದೆ ಬಂದು ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡಳು.

"ಅಳಬೇಡಿ ಅಕ್ಕಾ," ಎಂದು ಬೆನ್ನು ಸವರಿದಳು. "ಭಾವನವರಿಗೆ ಏನಾಯ್ತು? ನಾನಿದೀನಲ್ಲ, ನಿಮ್ಮ ಜೊತೆ ನಾನಿದೀನಿ."