ಹೂಡೆಗೆ ಹೋದ ಮಗು

ಮಾನಸ ಗರ್ಭಿಣಿಯಾದ ಮೊದಲ ತಿಂಗಳುಗಳಲ್ಲೇ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಗಿತ್ತು. ಆ ದಿನ ಅವಳ ಕೈಹಿಡಿದು ಕೂತವಳು ಹೆರಿಗೆ ವಾರ್ಡಿನ ನರ್ಸ್ ವಿಲ್ಮಾ.

"ದಿನಾ ಮಾತ್ರೆ ತೆಗೆದುಕೊಂಡರೆ ಮಗುವಿಗೆ ಬಾರದ ಹಾಗೆ ನೋಡಿಕೊಳ್ಳಬಹುದು. ಎದೆಹಾಲೂ ಕೊಡಬಹುದು. ನಾನಿದ್ದೇನೆ ಅಲ್ವಾ?"

ಆ ಮಾತನ್ನು ನಂಬಿ ಮಾನಸ ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ.

ಗಂಡ ತಿಲಕ್ ಕಡಲತೀರದ ಹೂಡೆ ಊರಿನವನು, ಬೋಟಿನಲ್ಲಿ ಆಳಸಮುದ್ರಕ್ಕೆ ಹೋಗುವವನು. ಪರೀಕ್ಷೆಗೆಂದು ಕರೆಸಿದಾಗ ವಿಲ್ಮಾಳ ಮುಂದೆ ತಲೆತಗ್ಗಿಸಿ ನಿಂತ. "ನನಗೆ ಇದು ಉಂಟು ಅಂತ ಮದುವೆಗೆ ಮೊದಲೇ ಗೊತ್ತಿತ್ತು ಸಿಸ್ಟರ್." ವಿಲ್ಮಾಳ ಮೈಯೆಲ್ಲ ಉರಿಯಿತು. ಅವಳ ಒತ್ತಾಯಕ್ಕೆ ಹೆಂಡತಿಗೆ ನಿಜ ಹೇಳಿದ, ತಾಯಿಗೆ ಮಾತ್ರ ಹೇಳಲಿಲ್ಲ.

ಹೆರಿಗೆ ಸುಸೂತ್ರವಾಗಿ ಆಯಿತು. ಗಂಡು ಮಗು. ವಿಲ್ಮಾ ತಾನೇ ಮಗುವಿನ ಬಾಯಿಗೆ ಔಷಧಿಯ ಹನಿ ಬಿಟ್ಟು, ತಾಯಿಯ ಎದೆಗೆ ಹಚ್ಚಿದಳು. ಮಾನಸ ನಕ್ಕದ್ದನ್ನು ಅವಳು ನೋಡಿದ್ದು ಅದೊಂದೇ ಸಲ.

ಮರುದಿನ ಬೆಳಗ್ಗೆ ಡ್ಯೂಟಿಗೆ ಬಂದ ಗ್ಲೋರಿಯಾ ಸಿಸ್ಟರ್ ಎರಡೆರಡು ಗ್ಲೌಸ್ ಹಾಕಿಕೊಂಡು ಆಯಾಳಿಗೆ ಕೂಗಿ ಹೇಳಿದಳು: "ಮೂಲೆ ಬೆಡ್ಡಿನ ಬಟ್ಟೆ ಬೇರೆ ಇಡಿ ಮಾರಾಯ್ತಿ, ಅವಳಿಗೆ ಎಚ್‌ಐವಿ ಉಂಟು."

ಬಾಗಿಲಲ್ಲಿ ಗಂಜಿಯ ಪಾತ್ರೆ ಹಿಡಿದು ಮಾನಸಳ ಅತ್ತೆ ನಳಿನಾಕ್ಷಿ ನಿಂತಿದ್ದಳು.

ವಿಲ್ಮಾ ಓಡಿ ಬರುವಷ್ಟರಲ್ಲಿ ಮಗು ನಳಿನಾಕ್ಷಿಯ ತೋಳಿನಲ್ಲಿತ್ತು. "ಈ ರೋಗ ಎಲ್ಲಿಂದ ತಂದೆ?" ಎಂದು ಅವಳು ಸೊಸೆಯನ್ನು ಕೇಳುತ್ತಿದ್ದಳು.

"ನಿಮ್ಮ ಮಗನನ್ನು ಕೇಳಿ ಅತ್ತೆ."

ತಾಯಿಯ ಹಿಂದೆಯೇ ಬಂದಿದ್ದ ತಿಲಕ್ ಕಿಟಕಿಯ ಕಡೆ ತಿರುಗಿದ. "ನನಗೆಂತ ಗೊತ್ತು?"

ನಳಿನಾಕ್ಷಿ ವಿಲ್ಮಾಳತ್ತ ನೋಡಿದಳು. "ನೀವೇ ಹೇಳಿ ಸಿಸ್ಟರ್. ನನ್ನ ಮಗನಿಗೆ ಉಂಟಾ?"

ಮಾನಸ ಆಸೆಯಿಂದ ತಲೆಯೆತ್ತಿದಳು. ನಿಜ ಹೇಳಲು ಹೊರಟ ವಿಲ್ಮಾ ತನ್ನನ್ನು ತಡೆದುಕೊಂಡಳು. ಮಾನಸಳ ಗುಟ್ಟನ್ನು ಬಯಲು ಮಾಡಿದ ಗ್ಲೋರಿಯಾಳ ಬಾಯಿಯನ್ನು ಈಗಷ್ಟೇ ಶಪಿಸಿದ್ದಳು. ತಿಲಕ್‌ನ ಗುಟ್ಟನ್ನು ತಾನು ಹೇಗೆ ಹೇಳುವುದು?

"ಯಾರದ್ದನ್ನೂ ನಾನು ಹೇಳುವ ಹಾಗಿಲ್ಲ ಅಮ್ಮ," ಎಂದಳು.

ನಳಿನಾಕ್ಷಿಗೆ ಅಷ್ಟೇ ಸಾಕಾಯಿತು. ಮಗ ನಿರ್ದೋಷಿ ಎಂದುಕೊಂಡಳು. ಮಾನಸ ಮಗ್ಗುಲು ಬದಲಿಸಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಸೊಸೆ ಕಾಪುವಿನ ತವರಿಗೆ, ಮಗು ಹೂಡೆಗೆ ಎಂದು ನಳಿನಾಕ್ಷಿ ತೀರ್ಮಾನಿಸಿದಳು. ಇದು ಸರಿಯಲ್ಲ, ತಾಯಿಯ ಹಾಲಿನಿಂದ ಭಯವಿಲ್ಲ ಎಂದು ವಿಲ್ಮಾ ಎಷ್ಟು ಹೇಳಿದರೂ ಯಾರೂ ಕಿವಿಗೊಡಲಿಲ್ಲ. ಮಾನಸಳ ಅಪ್ಪ ಧರ್ಮಪಾಲ ಊರಿನ ಮಾತಿಗೆ ಹೆದರಿ, "ಮಗು ಅವರದ್ದು," ಎಂದುಬಿಟ್ಟ. ಮಾನಸ ಎದ್ದು ತನ್ನ ಬಟ್ಟೆಯ ಗಂಟು ಕಟ್ಟಿದಳು.

ಆಟೋ ಹೊರಡುವಾಗ ವಿಲ್ಮಾ ಔಷಧಿಯ ಬಾಟಲಿ ಹಿಡಿದು ಅಡ್ಡ ನಿಂತಳು. "ಅಮ್ಮ, ಇದನ್ನು ಒಂದು ದಿನವೂ ಬಿಡಬೇಡಿ. ಬಿಟ್ಟರೆ ಮಗುವಿಗೆ ಅಪಾಯ." ಎಷ್ಟು ಹನಿ, ಹೇಗೆ ಕುಡಿಸುವುದು ಎಂದು ತೋರಿಸಿಕೊಟ್ಟಳು. ನಳಿನಾಕ್ಷಿ ಬಾಟಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಆಮೇಲೆ ಡ್ಯೂಟಿ ಮುಗಿಸಿ ವಿಲ್ಮಾ ಆಗಾಗ ಹೂಡೆಗೆ ಹೋದಳು. ನಳಿನಾಕ್ಷಿ ಕೂರಲು ಹೇಳುತ್ತಿರಲಿಲ್ಲ. ಆದರೆ ಬಾಟಲಿ ಸರಿಯಾಗಿಯೇ ಖಾಲಿಯಾಗುತ್ತಿತ್ತು, ಮಗು ಮೈತುಂಬಿಕೊಳ್ಳುತ್ತಿತ್ತು. ಒಂದೂವರೆ ತಿಂಗಳಿಗೆ ಮಾಡಿದ ಪರೀಕ್ಷೆಯಲ್ಲಿ ವೈರಸ್ ಕಾಣಲಿಲ್ಲ. ಮುಂದೆ ಇನ್ನೂ ಪರೀಕ್ಷೆಗಳಿದ್ದವು, ಆದರೂ ವಿಲ್ಮಾ ಕೂಡಲೇ ಕಾಪುವಿಗೆ ಫೋನ್ ಮಾಡಿದಳು.

"ಮಗುವಿಗೆ ಇಲ್ಲ ಮಾನಸ. ನಿನ್ನ ಮಾತ್ರೆಯೇ ಅವನನ್ನು ಉಳಿಸಿದ್ದು."

"ಯಾರ ಹಾಗೆ ಉಂಟು ನೋಡಲಿಕ್ಕೆ?"

"ನಿನ್ನ ಹಾಗೆಯೇ."

"ಹಾಲು ನಿಂತಿತು ಸಿಸ್ಟರ್."

ವಿಲ್ಮಾ ಕಣ್ಣೊರೆಸಿಕೊಂಡಳು. "ಮಾತ್ರೆ ತೆಗೆದುಕೊಳ್ಳುತ್ತಿದ್ದೀ ಅಲ್ವಾ?"

"ಅವನಿಗೋಸ್ಕರ ತೆಗೆದುಕೊಂಡೆ. ಇನ್ನು ಯಾರಿಗೆ?"

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ವಿಲ್ಮಾ ಮೇಲಿನವರಿಗೆ ಅರ್ಧ ದಿನದ ರಜೆ ಹೇಳಿ, ಕಾಪುವಿನ ಬಸ್ ಹತ್ತಿದಳು.