ಕೆರೆಯ ತಳದ ಗುಳ್ಳೆಗಳು

ಬೇಸಿಗೆ ಹಬ್ಬಕ್ಕೆ ಮೊದಲು ಮನೆಯ ಜಮಖಾನಗಳನ್ನೆಲ್ಲ ಕೆರೆದಡದ ಹಲಗೆಯ ಕಟ್ಟೆಗೆ ಹೊತ್ತು ತಂದು, ಸೋಪು ಹಚ್ಚಿ ತಿಕ್ಕದಿದ್ದರೆ ನಮ್ಮ ಫಿನ್ಲೆಂಡಿನ ಹೆಂಗಸರಿಗೆ ಹಬ್ಬವೇ ಅಲ್ಲ. ಹಿಲ್ಕಕ್ಕನಂತೂ ಇದರಲ್ಲಿ ಎತ್ತಿದ ಕೈ.

ಈ ಸಲ ಅವಳ ಮನೆ ಮುಂದಿನ ನೀರು ಹಸಿರು ಗಂಜಿಯಂತಾಗಿತ್ತು. ಅದು ವಿಷಪಾಚಿ, ನೀರಿಗಿಳಿಯಬೇಡಿ, ಸೌನಾ ಎಂಬ ಹಬೆಸ್ನಾನದ ಕೋಣೆಯ ಕಾದ ಕಲ್ಲಿಗೂ ಸುರಿಯಬೇಡಿ ಎಂದು ಆರೋಗ್ಯದವರು ಹೇಳಿಹೋಗಿದ್ದರು. ಅವಳ ಗಂಡ ತೌನೋಗೆ ಸೊಂಟನೋವು. ಸೌನಾದಲ್ಲಿ ಬೆವರಿ ಕೆರೆಗಿಳಿದಾಗ ಮಾತ್ರ ನೋವು ಮರೆಯುತ್ತಿತ್ತು. ಅದಕ್ಕೂ ಕಲ್ಲು ಬಿತ್ತಲ್ಲ ಎಂದು ಹಿಲ್ಕಕ್ಕನಿಗೆ ಸಂಕಟ. ಕೆರೆಗೆ ಹರಿದು ಪಾಚಿ ಬೆಳೆಸುವ ಆಚೆ ದಡದ ಹೊಲದವರ ಗೊಬ್ಬರವನ್ನು ಬೈಯುತ್ತಲೇ ಜಮಖಾನ ಉಜ್ಜುತ್ತಿದ್ದಳು.

ಪಕ್ಕದ ಮನೆಯ ಮಿರ್ಯಾ ಕೆರೆ ಸಂಘದವಳು. ಗೊಬ್ಬರದ ಮಾತು ಸುಳ್ಳಲ್ಲ ಎಂದು ಒಪ್ಪಿಕೊಂಡೇ, ಕಟ್ಟೆಯ ಪಕ್ಕದ ಕೆಸರಿಗೆ ಕೋಲು ಚುಚ್ಚಿದಳು. ಬುಳುಬುಳು ಗುಳ್ಳೆ ಎದ್ದವು. ಮೀನಿರಬೇಕು ಎಂದಳು ಹಿಲ್ಕಕ್ಕ.

"ಮೀನಲ್ಲ ಹಿಲ್ಕಕ್ಕ, ಮೀಥೇನ್ ಅನಿಲ. ಪಾಚಿ ಸತ್ತು ತಳ ಸೇರುತ್ತೆ. ಕಣ್ಣಿಗೆ ಕಾಣದ ಜೀವಿಗಳು ಅದನ್ನ ಕೊಳೆಸಿ ಇದನ್ನ ಬಿಡ್ತವೆ. ಗೊಬ್ಬರ ಸೇರಿದ ನೀರಲ್ಲಿ ಇನ್ನೊಂದು ಅನಿಲಾನೂ ಹುಟ್ಟುತ್ತೆ. ಎರಡೂ ಮೇಲೇರಿ ಭೂಮಿ ಬಿಸಿ ಮಾಡ್ತವೆ. ನೀರು ಬಿಸಿಯಾದಷ್ಟೂ ಪಾಚಿ ಜಾಸ್ತಿ. ನೀನು ಇಲ್ಲಿ ಒಗೆದದ್ದೂ ಆ ಪಾಚಿಗೇ ಊಟ."

"ನನ್ನ ಸೋಪು ಪೈನ್ ಮರದ ಎಣ್ಣೆಯದ್ದು ಕಣೇ, ಅದರಿಂದೇನು ಕೆಡುಕು? ನಮ್ಮಮ್ಮನೂ ಇದರಲ್ಲೇ ಒಗೀತಿದ್ಲು."

"ಸೋಪು ಮರದ್ದೇ ಇರ್ಲಿ. ವರ್ಷವೆಲ್ಲ ತುಳಿದ ಕೊಳೆ ಎಲ್ಲಿಗೆ ಹೋಗುತ್ತೆ? ಹೊಲದವರು ಪಾಚಿಗೆ ಬಡಿಸಿದ್ದು ಸಾಲದು ಅಂತ ನೀನೂ ಬಡಿಸ್ತಿದ್ದೀಯ."

ಹಿಲ್ಕಕ್ಕನಿಗೆ ಚುರುಕ್ಕೆಂದಿತು. ಸೌನಾದ ಬಾಗಿಲಲ್ಲಿ ಟವೆಲು ಹೊದ್ದು ನೀರನ್ನೇ ನೋಡುತ್ತ ಕೂತಿದ್ದ ತೌನೋ ಕಡೆ ತಿರುಗಿದಳು. ಒದ್ದೆ ಜಮಖಾನಗಳನ್ನು ಸುತ್ತಿ ಕೈಗಾಡಿಗೆ ಹೇರಿದಳು. ಊರಿನ ಒಗೆಯುವ ಜಾಗದಲ್ಲಿ ಕೊಳೆನೀರು ಚರಂಡಿ ಹಿಡಿದು ಶುದ್ಧವಾಗಲು ಹೋಗುತ್ತದೆ, ಅಲ್ಲಿಗೇ ಹೊರಟಳು. ದಾರಿಯಲ್ಲಿ ದಡದ ಒಂದೊಂದು ಮನೆಯ ಬಾಗಿಲೂ ಬಡಿದು ಹೆಂಗಸರನ್ನು ಜಮಖಾನಗಳ ಸಮೇತ ಎಳೆದುಕೊಂಡೇ ಹೋದಳು.

ಸೌನಾದ ಬಚ್ಚಲ ನೀರನ್ನೂ ಕೆರೆಯಿಂದ ದೂರದ ಇಂಗುಗುಂಡಿಗೆ ತಿರುಗಿಸಿದಳು. ಆಮೇಲೆ ಹೊಲದವರ ಸಭೆಗೆ ನುಗ್ಗಿ ಹೇಳಿದಳು, "ನನ್ನ ಕೊಳೆ ನಾನು ತೆಗ್ದಿದ್ದೀನಿ. ಈಗ ನಿಮ್ಮದು ತೆಗೀರಿ." ಅವರು ನೀರಂಚಿನಲ್ಲಿ ಉಳುಮೆ, ಗೊಬ್ಬರ ನಿಲ್ಲಿಸಿ, ಹರಿದುಬರುವುದನ್ನು ತಡೆಯುವ ಹುಲ್ಲು ಬೆಳೆಸಲು ಒಪ್ಪುವ ತನಕ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

ತೌನೋ ಈ ವರ್ಷ ಬಾವಿನೀರಲ್ಲೇ ಸೌನಾ ಮುಗಿಸಿದ. ಕೆರೆ ಒಂದೇ ವರ್ಷದಲ್ಲಿ ಕೆಟ್ಟದ್ದಲ್ಲ, ಒಂದೇ ವರ್ಷಕ್ಕೆ ತಿಳಿಯಾಗುವುದೂ ಇಲ್ಲ. ಹಿಲ್ಕಕ್ಕನಿಗೆ ಅದು ಗೊತ್ತು, ಆದರೂ ಬಿಟ್ಟಿಲ್ಲ.

ಕೇಳುತ್ತಿರುವವರೇ, ಆಚೆ ದಡದವರನ್ನು ಬೈಯುವ ಮೊದಲು ಎದ್ದುಹೋಗಿ ನೋಡಿ: ನಿಮ್ಮ ಮನೆಯ ಕೊಳೆನೀರು ಯಾವ ಕೆರೆ ಸೇರುತ್ತಿದೆ? ಅದನ್ನು ಇವತ್ತೇ ತಿರುಗಿಸಿ. ಆಮೇಲೆ ಆಚೆ ದಡಕ್ಕೆ ಹೋಗಿ, ಎದೆಯುಬ್ಬಿಸಿ ಕೇಳಿ.